ಕಾರು ಶೆಡ್ಡಿನ ಶಟರ್: ರಿಪೇರಿಗೆ ಕೇಳಿದ ಹಣ ನ್ಯಾಯವೇ?

ಮಳೆ ಹಿಂದೆ ಸರಿದು ತೋಟದ ರಸ್ತೆಗಳು ಒಣಗತೊಡಗಿದಾಗ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸೋರುವ ಹಂಚು, ಪಾಚಿ ಹಿಡಿದ ಗೋಡೆಗಳ ಜೊತೆಗೆ ಕಾರು ಶೆಡ್ಡಿನ ಶಟರ್ ಕೂಡ ಇಣುಕುವುದುಂಟು. ಈ ಸಲ ಅದರದೇ ಪತ್ರಗಳು ಹೆಚ್ಚಾಗಿರುವುದರಿಂದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳಲ್ಲಿ ಕಾಣುವ ಮೊತ್ತಗಳು ಆಯಾ ಓದುಗರಿಗೆ ಕೆಲಸಗಾರರು ಹೇಳಿದ ದರಗಳು. ಅವುಗಳನ್ನು ಕೊಡಗು ಜಿಲ್ಲೆಯ ದರಪಟ್ಟಿ ಎಂದು ಯಾರೂ ತಿಳಿಯಬಾರದು.

ಪ್ರಶ್ನೆ: ನಮ್ಮ ಕಾರು ಶೆಡ್ಡಿಗೆ 10 ಅಡಿ ಅಗಲ, 8 ಅಡಿ ಎತ್ತರದ ಕೈಯಿಂದ ಎತ್ತುವ ರೋಲಿಂಗ್ ಶಟರ್ ಇದೆ. ಹಾಕಿಸಿ 11 ವರ್ಷವಾಯಿತು. ಜುಲೈ ತಿಂಗಳ ಒಂದು ಬೆಳಿಗ್ಗೆ ಮೇಲಿನ ಪೆಟ್ಟಿಗೆಯೊಳಗೆ ದೊಡ್ಡ ಸದ್ದಾಯಿತು. ಅಂದಿನಿಂದ ಇಬ್ಬರು ಸೇರಿದರೂ ಎತ್ತುವುದು ಕಷ್ಟವಾಗಿದೆ. ಊರಿನ ವೆಲ್ಡಿಂಗ್ ಅಂಗಡಿಯವರು ತುಂಡಾದ ಒಂದು ಸ್ಪ್ರಿಂಗ್ ಬದಲಿಸಲು 2,800 ರೂಪಾಯಿ ಕೇಳಿದರು. ಮೈಸೂರಿನಿಂದ ಬಂದು ನೋಡಿದವರು ಎರಡು ಸ್ಪ್ರಿಂಗಿಗೆ 4,400, ಎರಡು ಬೇರಿಂಗಿಗೆ 900, ಕೂಲಿ 2,200, ಪ್ರಯಾಣ 2,000 ಎಂದು ಒಟ್ಟು 9,500ರ ಚೀಟಿ ಕೊಟ್ಟರು. ಮೂರನೆಯವರು ರಿಪೇರಿಯೇ ದಂಡ, ಇಡೀ ಶಟರ್ ಬದಲಿಸಿ, 32,000 ಆಗುತ್ತದೆ ಎಂದರು. ಶಟರಿನ ತಗಡಿನ ಪಟ್ಟಿಗಳಿಗೆ ತುಕ್ಕು ಹಿಡಿದಿಲ್ಲ. ಇವರಲ್ಲಿ ಯಾರ ಮಾತನ್ನು ನಂಬುವುದು?
— ಸೋಮವಾರಪೇಟೆಯ ಓದುಗರು

ಉತ್ತರ: ಮೂವರ ಮಾತನ್ನೂ ನಂಬಬಹುದು. ನೀವು ಒಂದೇ ಕೆಲಸಕ್ಕೆ ಮೂರು ದರ ಕೇಳಿದ್ದೀರಿ ಎಂದುಕೊಂಡಿದ್ದೀರಿ, ಆದರೆ ಅವರು ಹೇಳಿರುವುದು ಮೂರು ಬೇರೆ ಬೇರೆ ಕೆಲಸಗಳ ದರ.

ಮೊದಲು ಸ್ಪ್ರಿಂಗಿನ ಕೆಲಸವೇನೆಂದು ನೋಡೋಣ. ನಿಮ್ಮ ಶಟರಿನ ವಿಸ್ತೀರ್ಣ 80 ಚದರ ಅಡಿ, ಅಂದರೆ ಸುಮಾರು 7.4 ಚದರ ಮೀಟರ್. ಅದು 18 ಗೇಜಿನ, ಎಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಉಕ್ಕಿನದಾಗಿದ್ದರೆ ಬರೀ ಚಪ್ಪಟೆ ತಗಡಿನ ಲೆಕ್ಕಕ್ಕೇ 70 ಕಿಲೋ ತೂಗುತ್ತದೆ. ಪಟ್ಟಿಗಳ ಅಂಚು ಒಂದರೊಳಗೊಂದು ಸುತ್ತಿಕೊಂಡಿರುವ ಕಾರಣ ನಿಜವಾದ ತೂಕ ಇನ್ನೂ ಹೆಚ್ಚು. ಇಷ್ಟು ಭಾರವನ್ನು ಮನೆಯ ಹೆಂಗಸರೂ ಒಂದು ಕೈಯಲ್ಲಿ ಎತ್ತುತ್ತಿದ್ದುದು ಮೇಲಿನ ಪೈಪಿನಲ್ಲಿ ಕೂತಿರುವ ಸ್ಪ್ರಿಂಗುಗಳು, ಶಟರ್ ಕೆಳಗಿಳಿಯುವಾಗ ಬಿಗಿಯಾಗಿ, ಮೇಲೇರುವಾಗ ಆ ಬಿಗಿಯನ್ನು ಬಿಟ್ಟುಕೊಡುತ್ತಿದ್ದುದರಿಂದ. ಒಂದು ಸ್ಪ್ರಿಂಗ್ ತುಂಡಾದರೆ ಅದರ ಪಾಲಿನ ಭಾರವೆಲ್ಲ ಉಳಿದದ್ದರ ಮೇಲೂ ನಿಮ್ಮ ಬೆನ್ನಿನ ಮೇಲೂ ಬೀಳುತ್ತದೆ.

ಇನ್ನು ದರಕ್ಕೆ ಬರೋಣ. ಎರಡು ಸ್ಪ್ರಿಂಗುಗಳನ್ನೂ ಒಂದೇ ದಿನ ಹಾಕಿದ್ದು, ಎರಡೂ ಒಂದೇ ಲೆಕ್ಕದಲ್ಲಿ ದುಡಿದಿವೆ, ಇಲ್ಲಿನ ಜೂನ್–ಸೆಪ್ಟೆಂಬರ್ ತೇವವನ್ನೂ ಒಟ್ಟಿಗೇ ಕುಡಿದಿವೆ. ಒಂದು ಹೋದ ಮೇಲೆ ಇನ್ನೊಂದು ಬಹಳ ಕಾಲ ತಾಳುತ್ತದೆಂದು ನಂಬುವುದು ಕಷ್ಟ. ಊರಿನವರಿಂದ ಈಗ ಒಂದನ್ನು, ಬರುವ ವರ್ಷ ಇನ್ನೊಂದನ್ನು ಬದಲಿಸಿದರೆ 5,600 ಆಗುತ್ತದೆ, ಮತ್ತು ಆ ಮೊತ್ತದಲ್ಲಿ ಶಟರ್ ಇಳಿಸಿ ಏರಿಸುವ ಕೂಲಿಯನ್ನು ನೀವು ಎರಡು ಸಲ ಕೊಟ್ಟಿರುತ್ತೀರಿ. ಆದ್ದರಿಂದ ಅವರ ಬಳಿಗೇ ಮರಳಿ ಹೋಗಿ, ಎರಡು ಸ್ಪ್ರಿಂಗ್ ಮತ್ತು ಬೇರಿಂಗುಗಳನ್ನು ಒಂದೇ ದಿನದಲ್ಲಿ ಹಾಕಿಕೊಡಲು ಎಷ್ಟು ಎಂದು ಕೇಳಿ. ಕೂಲಿ ಒಂದೇ ಸಲದ್ದಾದ್ದರಿಂದ ಸ್ಪ್ರಿಂಗುಗಳ ಬಾಬ್ತು 2,800ರ ಎರಡರಷ್ಟು ಆಗಬಾರದು. ಜೊತೆಗೆ ಒಂದು ಪ್ರಶ್ನೆ ಹಾಕಿ: ಹೊಸ ಸ್ಪ್ರಿಂಗಿನ ಅಳತೆಯನ್ನು ಹೇಗೆ ಗೊತ್ತು ಮಾಡುತ್ತೀರಿ? ಶಟರಿನ ಅಗಲ, ಎತ್ತರ, ಗೇಜನ್ನೋ, ಇಲ್ಲವೇ ಹಳೆಯ ಸ್ಪ್ರಿಂಗಿನ ದಪ್ಪ, ಉದ್ದ, ಸುತ್ತುಗಳನ್ನೋ ನೋಡಿ ಎಂದರೆ ಅವರಿಗೆ ಕೆಲಸ ಗೊತ್ತಿದೆ. ಅಂಗಡಿಯಲ್ಲಿರುವುದನ್ನೇ ಹಾಕಿ ನೋಡೋಣ ಎಂದರೆ ಮೈಸೂರಿನವರೇ ವಾಸಿ.

ಮೈಸೂರಿನವರ ಚೀಟಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಪ್ರಯಾಣದ ಖರ್ಚನ್ನು ಬೇರೆಯಾಗಿ ಬರೆದಿರುವುದು. ಅದನ್ನು ತೆಗೆದರೆ ಉಳಿಯುವುದು 7,500. ಊರಿನವರ ದರದೊಂದಿಗೆ ಹೋಲಿಸಬೇಕಾದದ್ದು ಈ ಮೊತ್ತವನ್ನೇ ಹೊರತು 9,500 ಅನ್ನಲ್ಲ.

32,000 ಎಂದರೆ ಚದರ ಅಡಿಗೆ 400 ರೂಪಾಯಿ. ಪಟ್ಟಿಗಳು ಗಟ್ಟಿಯಾಗಿರುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಹಾಗೊಂದು ವೇಳೆ ಬದಲಿಸುವುದೇ ಎಂದಾದರೆ, ಹಳೆಯ ಶಟರನ್ನು ಬಿಚ್ಚಿ ‘ನಾವೇ ಸಾಗಿಸುತ್ತೇವೆ’ ಎಂದು ಉಪಕಾರದ ಧಾಟಿಯಲ್ಲಿ ಹೇಳುವ ಮಾತನ್ನು ಸ್ವಲ್ಪ ತಡೆದು ಕೇಳಿ. ಎಪ್ಪತ್ತು ಕಿಲೋಗೂ ಮೀರಿದ ಕಬ್ಬಿಣವದು. ಗುಜರಿ ಅಂಗಡಿಯಲ್ಲಿ ಅದಕ್ಕೊಂದು ಬೆಲೆಯಿದೆ. ಆ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಬೇಕು, ಇಲ್ಲವೇ ಹಳೆಯ ಶಟರ್ ನಿಮ್ಮ ಅಂಗಳದಲ್ಲೇ ಉಳಿಯಬೇಕು.

ದುಡ್ಡು ಉಳಿಸಲು ಸ್ಪ್ರಿಂಗನ್ನು ಸ್ವತಃ ಬಿಚ್ಚಲು ಮಾತ್ರ ಹೋಗಬೇಡಿ. ತುಂಡಾಗದೆ ಉಳಿದಿರುವ ಸ್ಪ್ರಿಂಗ್ ಇನ್ನೂ ಬಿಗಿಯಲ್ಲಿದೆ. ಪೈಪನ್ನು ಕಟ್ಟಿಹಾಕದೆ ಬ್ರಾಕೆಟ್ ಸಡಿಲಿಸಿದರೆ ಅದು ಒಮ್ಮೆಗೇ ತಿರುಗಿ ಕೈಬೆರಳುಗಳನ್ನು ಕಳೆದುಬಿಡುತ್ತದೆ. ಕೂಲಿ ಎಂದು ಬರೆದಿರುವ ಹಣದಲ್ಲಿ ಬಹುಪಾಲು ಈ ಅಪಾಯವನ್ನು ಬಲ್ಲವರ ಕೈಗೆ ಒಪ್ಪಿಸುವುದಕ್ಕೇ ಹೋಗುತ್ತದೆ.

ಪ್ರಶ್ನೆ: ನಮ್ಮದು ಕಾವೇರಿ ದಡಕ್ಕೆ ಸಮೀಪದ ಬಡಾವಣೆ. 2018ರಲ್ಲೂ 2019ರಲ್ಲೂ ಶೆಡ್ಡಿನೊಳಗೆ ನೀರು ನಿಂತಿತ್ತು. ಈಗ ಶಟರಿನ ಕೆಳಭಾಗ ತುಕ್ಕು ತಿಂದು ಜಾಲರಿಯಂತಾಗಿದೆ, ಮೇಲ್ಭಾಗ ಚೆನ್ನಾಗಿದೆ. ಕೆಳಗಿನಷ್ಟನ್ನೇ ಬದಲಿಸಲು ಬರುತ್ತದೆಯೇ?
— ಕುಶಾಲನಗರದ ಓದುಗರು

ಉತ್ತರ: ಬರುತ್ತದೆ, ಆದರೆ ಈ ಮಾತನ್ನು ಕೆಲಸಗಾರರು ತಾವಾಗಿ ಹೇಳುವುದು ಕಡಿಮೆ. ಶಟರಿನ ಪಟ್ಟಿಗಳು ಬೆಸುಗೆಯಿಂದ ಕೂಡಿದವುಗಳಲ್ಲ. ಒಂದರ ಕೊಕ್ಕೆಗೆ ಇನ್ನೊಂದರ ಕೊಕ್ಕೆ ಸಿಕ್ಕಿಕೊಂಡಿರುತ್ತದೆ. ಶಟರಿನ ಎರಡು ಬದಿಯನ್ನು ಹಿಡಿದಿರುವ ಗೈಡ್ ಚಾನೆಲ್ ಎಂಬ ಹಳಿಗಳಿಂದ ಹೊರತೆಗೆದ ಮೇಲೆ ಅವುಗಳನ್ನು ಪಕ್ಕಕ್ಕೆ ಎಳೆದು ಬಿಡಿಸಬಹುದು. ಒಂದು ಪಟ್ಟಿ 75 ಮಿಲಿಮೀಟರ್ ಎತ್ತರ ಮುಚ್ಚುತ್ತದೆ ಎಂದಿಟ್ಟುಕೊಂಡರೆ 8 ಅಡಿಯ ಶಟರಿಗೆ 32–33 ಪಟ್ಟಿಗಳು ಬೇಕು. ನಿಮ್ಮಲ್ಲಿ ಕೆಟ್ಟಿರುವುದು ಐದು ಎಂದರೆ ಸಾಮಾನಿನ ಲೆಕ್ಕದಲ್ಲಿ ಆರನೆಯ ಒಂದು ಭಾಗಕ್ಕಿಂತ ಕಡಿಮೆ. ಕೂಲಿ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಏಕೆಂದರೆ ಐದಕ್ಕಾದರೂ ಹತ್ತಕ್ಕಾದರೂ ಬಿಚ್ಚಿ ಜೋಡಿಸುವ ಶ್ರಮ ಹೆಚ್ಚುಕಡಿಮೆ ಒಂದೇ.

ಎಷ್ಟು ಪಟ್ಟಿ ಕೆಟ್ಟಿವೆ ಎಂಬುದನ್ನು ಕಣ್ಣಳತೆಯಲ್ಲಿ ಬಿಡಬೇಡಿ. ಹಗಲಿನಲ್ಲಿ ಶಟರ್ ಇಳಿಸಿ ಶೆಡ್ಡಿನ ಒಳಗೆ ನಿಂತರೆ ತೂತಿರುವಲ್ಲೆಲ್ಲ ಬೆಳಕು ಬರುತ್ತದೆ. ಬೆಳಕು ಬಾರದ ಕಡೆಯಲ್ಲೂ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ ನೋಡಿ, ಒಳಗೆ ಇಳಿದರೆ ಆ ಪಟ್ಟಿಯ ಕಥೆ ಮುಗಿಯಿತು. ಹಾಗೆಯೇ ಎರಡು ಕಡೆಯ ಗೈಡ್ ಚಾನೆಲ್‌ಗಳ ಬುಡವನ್ನೂ ನೋಡಿ. ಪ್ರವಾಹದ ಕೆಸರು ಅಲ್ಲಿ ಒಣಗಿ ಕೂತು ವರ್ಷವಿಡೀ ತೇವ ಹಿಡಿದಿಟ್ಟುಕೊಂಡಿರುತ್ತದೆ. ಚಾನೆಲ್ ತಳ ಕರಗಿದ್ದರೆ ಅಷ್ಟು ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆಯಬಹುದು. ಬೆಸುಗೆಯ ದಿನ ಕಾರನ್ನೂ, ಕಳೆ ಕತ್ತರಿಸುವ ಯಂತ್ರಕ್ಕೆಂದು ಮೂಲೆಯಲ್ಲಿಟ್ಟ ಪೆಟ್ರೋಲ್ ಕ್ಯಾನನ್ನೂ ಹೊರಗಿಡಿ.

ಎರಡು ವಿಚಾರಗಳಲ್ಲಿ ಮೋಸ ಹೋಗುವ ಸಂಭವವಿದೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳುವಾಗುತ್ತದೆ: 18 ಗೇಜ್ ಸುಮಾರು 1.2 ಮಿಲಿಮೀಟರ್, 20 ಗೇಜ್ 0.9, 22 ಗೇಜ್ 0.7. ದೊಡ್ಡ ಸಂಖ್ಯೆ ಕೇಳಿ ಗಟ್ಟಿ ಮಾಲು ಎಂದು ಸಂತೋಷಪಡುವವರನ್ನು ನಾನು ಕಂಡಿದ್ದೇನೆ. ಇನ್ನೊಂದು, ಹಳೆಯ ಪಟ್ಟಿಯ ಕೊಕ್ಕೆಯ ಆಕಾರಕ್ಕೂ ಹೊಸದರ ಆಕಾರಕ್ಕೂ ಹೊಂದಿಕೆಯಿಲ್ಲದಿದ್ದರೆ ಶಟರ್ ಸುತ್ತಿಕೊಳ್ಳುವಾಗ ಅಲ್ಲೇ ಸಿಕ್ಕಿಬೀಳುತ್ತದೆ. ಮುಂಗಡ ಕೊಡುವ ಮೊದಲು ಒಂದು ತುಂಡು ತರಿಸಿ ಜೋಡಿಸಿ ನೋಡುವುದು ಒಳ್ಳೆಯದು. ಹೊಸ ಪಟ್ಟಿಗಳು ಹಳೆಯವುಗಳಿಗಿಂತ ದಪ್ಪವಾಗಿದ್ದರೆ ಶಟರಿನ ತೂಕ ಹೆಚ್ಚುತ್ತದೆ, ಆಗ ಸ್ಪ್ರಿಂಗಿನ ಬಿಗಿಯನ್ನೂ ಸರಿಪಡಿಸಬೇಕು. ಅದು ಅದೇ ಕೂಲಿಯೊಳಗೆ ಬರುತ್ತದೆಯೇ ಎಂದು ಮೊದಲೇ ಕೇಳಿ. ನಿಮ್ಮ ಬಡಾವಣೆಯ ಸ್ಥಿತಿಗೆ ಬರೀ ಬಣ್ಣ ಬಳಿದ ಕಬ್ಬಿಣಕ್ಕಿಂತ ಸತುವಿನ ಲೇಪವಿರುವ ಜಿಐ ಪಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪಟ್ಟಿ, ಚಾನೆಲ್, ಸ್ಪ್ರಿಂಗ್ ಎಲ್ಲ ಸೇರಿ ರಿಪೇರಿಯ ಮೊತ್ತ ಹೊಸ ಶಟರಿನ ಬೆಲೆಯ ಅರ್ಧ ದಾಟಿದರೆ ನಾನಾದರೆ ಹೊಸದನ್ನೇ ಹಾಕಿಸುತ್ತೇನೆ.

ಪ್ರಶ್ನೆ: ನಮ್ಮ ಹೋಂಸ್ಟೇಯ ಗ್ಯಾರೇಜಿಗೆ ರಿಮೋಟ್‌ನಿಂದ ತೆರೆಯುವ, ಹಲಗೆ ಹಲಗೆಯಾಗಿ ಬಾಗಿ ಚಾವಣಿಯ ಕೆಳಗೆ ಸರಿಯುವ ಬಾಗಿಲಿದೆ. ಆರು ವರ್ಷ ಹಳೆಯದು. ಅತಿಥಿಗಳಿರುವ ದಿನ ಹತ್ತು ಸಲವಾದರೂ ತೆರೆದು ಮುಚ್ಚುತ್ತೇವೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಗುಡುಗು ಮಳೆಯ ರಾತ್ರಿ ಮೋಟರಿನ ಬೋರ್ಡ್ ಸುಟ್ಟು 7,800 ಖರ್ಚಾಯಿತು. ಈ ಆಗಸ್ಟ್‌ನಲ್ಲಿ ಗುಡುಗಿಲ್ಲದ ದಿನವೇ ಮತ್ತೆ ಸುಟ್ಟಿತು, 8,200 ತೆತ್ತೆವು. ಕಂಪನಿಯವರು ಇನ್ನೂ ದೊಡ್ಡ ಮೋಟರ್ ಹಾಕಿಸಿ ಎನ್ನುತ್ತಿದ್ದಾರೆ.
— ವಿರಾಜಪೇಟೆ ಸಮೀಪದ ಓದುಗರು

ಉತ್ತರ: ಸುಟ್ಟದ್ದು ಎರಡು ಸಲವೂ ಬೋರ್ಡೇ, ಕಾರಣ ಮಾತ್ರ ಬೇರೆ ಬೇರೆ ಇರಬೇಕು. ಏಪ್ರಿಲ್‌ನದು ಸಿಡಿಲಿನ ದಿನಗಳ ವಿದ್ಯುತ್ ಏರುಪೇರಿನ ಲಕ್ಷಣ. ಕಾಫಿಗೆ ಬೇಕೆಂದು ನಾವು ಕಾದು ಕೂರುವ ಹೂಮಳೆ ಬರುವುದೇ ಗುಡುಗಿನೊಂದಿಗೆ. ಆ ಹೊತ್ತಿಗೆ ನೆಲ ಒಣಗಿರುವುದರಿಂದ ಅರ್ಥಿಂಗ್ ಗುಂಡಿಯೂ ಒಣಗಿ, ಸರಿಯಾಗಿ ಕೆಲಸ ಮಾಡದ ಸ್ಥಿತಿಯಲ್ಲಿರುತ್ತದೆ. ಇದಕ್ಕೆ ಪರಿಹಾರ ಗುಂಡಿಗೆ ನೀರುಣಿಸಿ ಅರ್ಥಿಂಗ್ ಪರೀಕ್ಷಿಸುವುದು, ವಿದ್ಯುತ್ ಫಲಕದಲ್ಲಿ ಸರ್ಜ್ ರಕ್ಷಕ ಹಾಕಿಸುವುದು, ಮತ್ತು ಕಾಸಿಲ್ಲದ ಉಪಾಯವೆಂದರೆ ಮೋಡ ಕಟ್ಟಿದಾಗ ಮೋಟರಿನ ಪ್ಲಗ್ ಕೀಳುವುದು.

ಆಗಸ್ಟ್‌ನದಕ್ಕೆ ನನ್ನ ಅನುಮಾನ ಸ್ಪ್ರಿಂಗಿನ ಮೇಲೆ. ಇಂಥ ಬಾಗಿಲುಗಳ ಸಾಧಾರಣ ಸ್ಪ್ರಿಂಗುಗಳನ್ನು ಸುಮಾರು 10,000 ಸಲದ ಬಳಕೆಗೆಂದು ಮಾಡಿರುತ್ತಾರೆ. ಒಮ್ಮೆ ತೆರೆದು ಮುಚ್ಚುವುದು ಒಂದು ಸಲ. ದಿನಕ್ಕೆ ನಾಲ್ಕು ಸಲ ಬಳಸುವ ಮನೆಗೆ ಅದು ಏಳು ವರ್ಷದ ಹತ್ತಿರ ಬರುತ್ತದೆ. ನಿಮ್ಮಲ್ಲಿ ವರ್ಷದ ಅರ್ಧ ದಿನ ಮಾತ್ರ ಅತಿಥಿಗಳಿದ್ದರೆಂದು ಹಿಡಿದರೂ ಆರು ವರ್ಷಕ್ಕೆ 10,900 ದಾಟಿತು. ದಣಿದ ಸ್ಪ್ರಿಂಗ್ ತುಂಡಾಗುವ ಮೊದಲೇ ಸಡಿಲವಾಗಿ, ತಾನು ಹೊರಬೇಕಾದ ಭಾರವನ್ನು ಮೋಟರಿಗೆ ದಾಟಿಸುತ್ತದೆ. ಬಾಗಿಲಿನ ಭಾರ ಹೊರಬೇಕಾದದ್ದು ಸ್ಪ್ರಿಂಗ್, ಮೋಟರಿನ ಕೆಲಸ ತಳ್ಳುವುದಷ್ಟೆ. ಅದೂ ಭಾರ ಹೊರತೊಡಗಿದರೆ ಹೆಚ್ಚು ವಿದ್ಯುತ್ ಎಳೆದು, ಬೋರ್ಡಿನಲ್ಲಿ ಸ್ವಿಚ್ಚಿನ ಕೆಲಸ ಮಾಡುವ ರಿಲೇಗಳನ್ನು ಕಾಯಿಸಿ ಸುಡುತ್ತದೆ. ದೊಡ್ಡ ಮೋಟರ್ ಹಾಕಿಸಿದರೆ ರೋಗ ಸ್ವಲ್ಪ ದಿನ ಕಾಣಿಸದೆ ಇರುತ್ತದೆ, ಅಷ್ಟೆ.

ನನ್ನ ಅನುಮಾನವನ್ನು ನೀವೇ ಪರೀಕ್ಷಿಸಬಹುದು. ಬಾಗಿಲನ್ನು ಪೂರ್ತಿ ಮುಚ್ಚಿ, ಪ್ಲಗ್ ಕಿತ್ತು, ವಿದ್ಯುತ್ ಇಲ್ಲದಾಗ ಕೈಯಿಂದ ತೆರೆಯಲೆಂದು ಕೊಟ್ಟಿರುವ ಹಗ್ಗವನ್ನೆಳೆದು ಮೋಟರಿನಿಂದ ಬಿಡಿಸಿ. ಇಬ್ಬರು ನಿಂತು ಸೊಂಟದ ಎತ್ತರಕ್ಕೆ ಎತ್ತಿ, ಮೆಲ್ಲಗೆ ಹಿಡಿತ ಸಡಿಲಿಸಿ. ಅಲ್ಲೇ ನಿಂತರೆ ಸ್ಪ್ರಿಂಗ್ ಸರಿಯಿದೆ; ಕೆಳಕ್ಕೆ ಜಗ್ಗಿದರೆ ಹಣ ಹಾಕಬೇಕಾದದ್ದು ಸ್ಪ್ರಿಂಗುಗಳಿಗೆ, ಅದೂ ಜೋಡಿಯಾಗಿ. ಎತ್ತಲೇ ಆಗದಷ್ಟು ಭಾರವಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಕೆಲಸಗಾರರನ್ನು ಕರೆಸಿ.

ಬಾಗಿಲಿನ ಬುಡದಲ್ಲಿ ಎದುರುಬದುರಾಗಿರುವ ಎರಡು ಸೆನ್ಸರ್‌ಗಳ ವಿಚಾರವನ್ನೂ ಹೇಳಿಬಿಡುತ್ತೇನೆ. ಬಾಗಿಲು ಅರ್ಧ ಇಳಿದು ಮತ್ತೆ ಮೇಲೇರುತ್ತಿದೆ ಎಂದು ಕೆಲಸಗಾರರನ್ನು ಕರೆಸುವ ಮೊದಲು ಆ ಗಾಜುಗಳನ್ನು ಒಣ ಬಟ್ಟೆಯಿಂದ ಒರೆಸಿ. ಜೇಡರ ಬಲೆ, ಮಂಜಿನ ಹನಿ, ಸುಣ್ಣದ ಸಿಡಿ ಅಷ್ಟು ಸಾಕು ಅವುಗಳನ್ನು ಕುರುಡಾಗಿಸಲು. ಆದರೆ ಕಿರಿಕಿರಿ ಎಂದು ಅವುಗಳ ತಂತಿ ತೆಗೆಸಬೇಡಿ. ಅಮೆರಿಕದಲ್ಲಿ ಮನೆಬಳಕೆಯ ಗ್ಯಾರೇಜ್ ಮೋಟರುಗಳಿಗೆ 1993ರಿಂದ ಇಂಥ ರಕ್ಷಣೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದ್ದು ಮಕ್ಕಳು ಬಾಗಿಲಿನಡಿ ಸಿಲುಕಿ ಸತ್ತ ಪ್ರಕರಣಗಳಿಂದಾಗಿ. ಹೋಂಸ್ಟೇಗೆ ಬರುವ ಮಕ್ಕಳಿಗೆ ನಿಮ್ಮ ಬಾಗಿಲಿನ ಪರಿಚಯವಿರುವುದಿಲ್ಲ.

ಪ್ರಶ್ನೆ: ನಮ್ಮ ಕಡೆಗೆ ಬರಲು ಕೆಲಸಗಾರರು ಕೇಳುವ ಪ್ರಯಾಣದ ಹಣವೇ ರಿಪೇರಿಗಿಂತ ಹೆಚ್ಚು. ಇದಕ್ಕೆ ದಾರಿಯುಂಟೇ?
— ನಾಪೋಕ್ಲು ಕಡೆಯ ಓದುಗರು

ಉತ್ತರ: ಮೈಸೂರಿನಿಂದ ಮಡಿಕೇರಿಗೇ ಸುಮಾರು 120 ಕಿಲೋಮೀಟರ್, ಅಲ್ಲಿಂದ ನಿಮ್ಮಲ್ಲಿಗೆ ಬಂದು ಹೋಗುವುದರಲ್ಲಿ ಅವರ ಒಂದು ದಿನ ಕಳೆಯುತ್ತದೆ, ಆದ್ದರಿಂದ ಆ ಹಣವನ್ನು ಸುಲಿಗೆ ಎನ್ನಲಾರೆ. ಆದರೆ ಎರಡು ಸಲ ಕೊಡುವುದನ್ನು ತಪ್ಪಿಸಬಹುದು. ಶಟರಿನ ಅಳತೆ, ಪಟ್ಟಿಯ ದಪ್ಪ, ಕೆಟ್ಟ ಭಾಗದ ಫೋಟೋ, ಎತ್ತುವಾಗ ಬರುವ ಸದ್ದಿನ ವಿಡಿಯೋ ಇವುಗಳನ್ನು ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ನೋಡಿ ಹೋಗಲು ಒಮ್ಮೆ, ಸಾಮಾನು ತಂದು ಹಾಕಲು ಇನ್ನೊಮ್ಮೆ ಬರಬೇಕಾಗುವುದಿಲ್ಲ. ‘ನೋಡುವ ಶುಲ್ಕ’ ಎಂದು ಕೊಟ್ಟಿದ್ದನ್ನು ಕೆಲಸ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತಾರೆಯೇ ಎಂದು ಫೋನಿನಲ್ಲೇ ಖಚಿತಪಡಿಸಿಕೊಳ್ಳಿ. ಅಕ್ಕಪಕ್ಕದ ತೋಟದವರಲ್ಲೂ ವಿಚಾರಿಸಿ. ಒಂದು ಊರಿನಲ್ಲಿ ಮೂರು ಶಟರ್ ಸಿಕ್ಕರೆ ಪ್ರಯಾಣ ಮೂರು ಪಾಲಾಗುತ್ತದೆ. ಏಪ್ರಿಲ್–ಮೇ ತಿಂಗಳೇ ಇದಕ್ಕೆ ತಕ್ಕ ಕಾಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಮರ ಬಿದ್ದ ರಸ್ತೆಯಲ್ಲಿ ಬಾ ಎಂದು ಕರೆದರೆ ಯಾರೇ ಆದರೂ ಹೆಚ್ಚು ಕೇಳುತ್ತಾರೆ.

ಪ್ರಶ್ನೆ: ನಾವು ಬಾಡಿಗೆಗಿರುವ ಮನೆಯ ಶೆಡ್ಡಿನ ಶಟರ್ ಪೈಪು ಬಾಗಿದೆ. ರಿಪೇರಿ ಮನೆಯ ಯಜಮಾನರದೋ ನಮ್ಮದೋ?
— ಮಡಿಕೇರಿಯ ಓದುಗರು

ಉತ್ತರ: ಮೊದಲು ಬಾಡಿಗೆ ಕರಾರನ್ನು ಓದಿ, ಅದರಲ್ಲಿ ಬರೆದದ್ದೇ ನಡೆಯುತ್ತದೆ. ಕರಾರು ಮೌನವಾಗಿದ್ದರೆ, ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಕಾಪಾಡಬೇಕು, ಸಹಜ ಸವೆತಕ್ಕೆ ಅವರು ಹೊಣೆಯಲ್ಲ ಎಂಬುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ನಿಯಮ. ಕಾರು ತಾಗಿಸಿ ಪಟ್ಟಿ ಬಗ್ಗಿಸಿದ್ದರೆ ಅದು ನಿಮ್ಮದು. ವರ್ಷಗಳ ಭಾರಕ್ಕೆ ಪೈಪು ಬಾಗಿದ್ದರೆ ಅದು ಸವೆತ. ಯಜಮಾನರು ಮಾಡಿಸಬೇಕಾದ ರಿಪೇರಿಯನ್ನು ನೀವು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಲು ಅದೇ ಕಲಮು ಅವಕಾಶ ಕೊಡುತ್ತದೆ. ತಿಳಿಸುವುದನ್ನು ಬರಹದಲ್ಲಿ ತಿಳಿಸಿ, ಎರಡು ಕಡೆಯ ದರಚೀಟಿಗಳನ್ನೂ ಜೊತೆಗಿಡಿ.

ಪ್ರಶ್ನೆ: 10,000 ರೂಪಾಯಿಯ ಕೆಲಸಕ್ಕೆ ಜಿಎಸ್‌ಟಿ ಎಂದು 1,800 ಸೇರಿಸಿ ಪಡೆದರು. ಕೊಟ್ಟದ್ದು ಬಿಳಿ ಹಾಳೆಯ ಚೀಟಿ. ಮೂರು ವಾರದಲ್ಲಿ ಮತ್ತೆ ಕೆಟ್ಟಿದೆ, ಫೋನ್ ಎತ್ತುತ್ತಿಲ್ಲ.
— ಗೋಣಿಕೊಪ್ಪಲಿನ ಓದುಗರು

ಉತ್ತರ: ಶೇ 18ರ ದರ ಸರಿಯೇ, ಆದರೆ ಜಿಎಸ್‌ಟಿ ನೋಂದಣಿ ಇಲ್ಲದವರು ಆ ತೆರಿಗೆಯನ್ನು ವಸೂಲು ಮಾಡುವಂತಿಲ್ಲ; ನೋಂದಣಿಯಿದ್ದೂ, ವಹಿವಾಟಿನ ಮೇಲೆ ತಾವೇ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳೂ ಗ್ರಾಹಕರಿಂದ ಬೇರೆಯಾಗಿ ಪಡೆಯುವಂತಿಲ್ಲ. ತೆರಿಗೆ ಕೊಟ್ಟವರಿಗೆ ನೋಂದಣಿ ಸಂಖ್ಯೆಯಿರುವ ಬಿಲ್ಲು ಸಿಗಲೇಬೇಕು. ನೀವು ಹಣವನ್ನು ಫೋನಿನ ಮೂಲಕ ಕೊಟ್ಟಿದ್ದರೆ ಆ ದಾಖಲೆ, ಬಿಳಿ ಚೀಟಿ, ಶಟರಿನ ಈಗಿನ ಫೋಟೋ ಇವಿಷ್ಟನ್ನು ಜೋಪಾನ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೆಂಬ ನಿಯಮವೂ ಇಲ್ಲ.

ಪ್ರಶ್ನೆ: ವರ್ಷಕ್ಕೊಮ್ಮೆ ಜೀಪಿನಿಂದ ತೆಗೆದ ಹಳೆಯ ಎಂಜಿನ್ ಆಯಿಲನ್ನು ಶಟರಿನ ಚಾನೆಲ್‌ಗೆ ಹೊಯ್ಯುತ್ತೇವೆ. ಆದರೂ ಬಿಗಿಯಾಗುತ್ತಿದೆ.
— ಪೊನ್ನಂಪೇಟೆಯ ಓದುಗರು

ಉತ್ತರ: ‘ಆದರೂ’ ಅಲ್ಲ, ಅದರಿಂದಲೇ. ಹಳೆಯ ಆಯಿಲು ನಮ್ಮ ಕೆಮ್ಮಣ್ಣಿನ ಧೂಳನ್ನು ಹಿಡಿದು ಚಾನೆಲ್‌ನೊಳಗೆ ಅಂಟಿನಂತೆ ಕೂರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚಾನೆಲ್ ಒರೆಸಿ ಒಣಗಿಸಿ, ಬುಡದಲ್ಲಿ ಸೇರಿದ ತರಗೆಲೆ ಮಣ್ಣನ್ನು ಕೆರೆದು ತೆಗೆಯಿರಿ. ಗ್ರೀಸ್ ಬೇಕಾದದ್ದು ಮೇಲಿನ ಬೇರಿಂಗುಗಳಿಗೆ. ಚಾನೆಲ್‌ಗೆ ಮೇಣದ ಬತ್ತಿಯನ್ನು ಉಜ್ಜಿದರೆ ಸಾಕು. ಅಷ್ಟಾದ ಮೇಲೂ ಬಿಗಿಯಿದ್ದರೆ ಸ್ಪ್ರಿಂಗಿನ ಬಿಗಿ ನೋಡಿಸಿ.